ಹೊರೆ ಇಳಿಸುವಷ್ಟರಲ್ಲಿ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳ ಮುಂದೆ ನಿಂತರೆ ಪಿಯುಸಿ ಗೈಡು, ಎಂಜಿನಿಯರಿಂಗ್ ಪಠ್ಯಗಳ ಪಕ್ಕದಲ್ಲೇ ಇನ್ನೊಂದು ರಾಶಿ ಕಣ್ಣಿಗೆ ಬೀಳುತ್ತದೆ. ಗೆಲುವಿನ ಗುಟ್ಟು, ಮನಸ್ಸಿನ ಶಕ್ತಿ, ಚಿಂತೆ ಬಿಟ್ಟು ಬದುಕುವ ಬಗೆ ಹೇಳಿಕೊಡುವ ಪುಸ್ತಕಗಳವು. ಇಂಗ್ಲಿಷಿನವೂ ಇವೆ, ಕನ್ನಡಕ್ಕೆ ಬಂದವೂ ಇವೆ. ಬಗ್ಗಿ ನೋಡುವವರಲ್ಲಿ ಹೆಚ್ಚಿನವರು ಕೆಲಸ ಹುಡುಕುತ್ತಿರುವ ವಯಸ್ಸಿನ ಹುಡುಗ ಹುಡುಗಿಯರು. ಅವರನ್ನು ಕಂಡರೆ ನನಗೆ ಅಕ್ಕರೆ. ಕಷ್ಟದಲ್ಲಿರುವವರು ಧೈರ್ಯ ಹುಡುಕಿಕೊಂಡು ಪುಸ್ತಕದ ಹತ್ತಿರ ಬರುವುದು ಸಣ್ಣ ಮಾತಲ್ಲ. ಆದರೆ ಆ ರಾಶಿಯಲ್ಲಿ ಬಹುಪಾಲು ಪುಸ್ತಕಗಳು ಹೇಳುವುದು ಒಂದನ್ನೇ: ಒಳ್ಳೆಯದನ್ನು ಯೋಚಿಸು, ಒಳ್ಳೆಯದಾಗುತ್ತದೆ.

ಅದೇ ರಸ್ತೆಯನ್ನು ತುದಿಯವರೆಗೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ ಎದ್ದ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ, ನಾವೆಲ್ಲ ಸಿಟಿ ಮಾರ್ಕೆಟ್ ಎಂದೇ ಕರೆಯುವ ಮಾರುಕಟ್ಟೆ. ಇಲ್ಲಿ ಬೆಳಗಿನ ಜಾವ ಕೈಸಾಲ ತಂದು ಹೂ ಕೊಂಡು, ಮಧ್ಯಾಹ್ನದೊಳಗೆ ಅದನ್ನು ಮಾರಿ, ಸಂಜೆ ಬಡ್ಡಿ ಸಮೇತ ತೀರಿಸಬೇಕಾದ ಹೆಂಗಸರಿದ್ದಾರೆ. ಮೀಟರ್ ಬಡ್ಡಿ ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಏಳು ಗಂಟೆಗೆ ಮಳೆ ಹಿಡಿದು ಹತ್ತಾದರೂ ಬಿಡದಿದ್ದರೆ ಆ ದಿನದ ಲೆಕ್ಕವೇ ಬುಡಮೇಲು. ಅಂಥ ಹೊತ್ತಿನಲ್ಲಿ ಅವರಲ್ಲಿ ಒಬ್ಬಳ ಹತ್ತಿರ ಹೋಗಿ ‘ಪಾಸಿಟಿವ್ ಆಗಿ ಯೋಚನೆ ಮಾಡಮ್ಮ’ ಎಂದರೆ ಅದು ಸಮಾಧಾನವಾಗುವುದಿಲ್ಲ, ಅವಮಾನವಾಗುತ್ತದೆ.

ಹಾಗಾದರೆ ಆಶಾವಾದ ಎನ್ನುವುದು ಹೊಟ್ಟೆ ತುಂಬಿದವರ ಸೊತ್ತೇ? ಅಲ್ಲ ಎಂದು ನಾನು ನಂಬಿದ್ದೇನೆ. ಆ ನಂಬಿಕೆಗೆ ನನಗೆ ಬಲ ಸಿಕ್ಕಿದ್ದು ಯಹೂದಿ ಪರಂಪರೆಯ ಕೆಲವು ಕಥೆಗಳಲ್ಲಿ, ಮತ್ತು ನಮ್ಮ ಊರಿಗೇ ಬಂದು ನೆಲೆಸಿದ ಒಬ್ಬ ಯಹೂದಿ ನಿರಾಶ್ರಿತರ ಕೆಲಸದಲ್ಲಿ. ಯಹೂದಿಗಳೆಂದರೆ ಎಲ್ಲೋ ದೂರದವರು ಎಂದುಕೊಳ್ಳುವವರು ಮಾರುಕಟ್ಟೆಯಿಂದ ಮೈಸೂರು ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಸಾಕು. ಬೆಂಗಳೂರಿನ ಯಹೂದಿಗಳ ಸ್ಮಶಾನ ಅಲ್ಲಿದೆ, 1904ರಿಂದ. ದೊಡ್ಡದೇನಲ್ಲ. ನಮ್ಮ ಊರಿನಲ್ಲಿ ಅವರ ಸಂಖ್ಯೆ ಯಾವ ಕಾಲಕ್ಕೂ ಬಹಳ ಕಡಿಮೆಯೇ. ಸತ್ತವರನ್ನು ಕಾಣಲು ಬರುವ ಯಹೂದಿಗಳು ಗೋರಿಯ ಮೇಲೆ ಹೂವಿನ ಬದಲು ಒಂದು ಸಣ್ಣ ಕಲ್ಲು ಇಟ್ಟು ಹೋಗುವುದು ವಾಡಿಕೆ.

ಮೊದಲ ಕಥೆ ಯಹೂದಿ ಗುರುಗಳ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಗಮ್ಜೂ ಊರಿನ ನಹೂಮ್ ಎಂಬ ಗುರುವಿದ್ದ. ಏನೇ ಆಪತ್ತು ಬರಲಿ, ಇದೂ ಒಳ್ಳೆಯದಕ್ಕೇ ಎನ್ನುವುದು ಅವನ ರೂಢಿ. ಆಗಿದ್ದೆಲ್ಲ ಒಳ್ಳೆಯದಕ್ಕೇ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಹಾಗೆ. ಯಹೂದಿಗಳ ನಡುವೆ ಆಶಾವಾದಕ್ಕೆ ಇನ್ನೊಂದು ಹೆಸರೇ ಈ ನಹೂಮ್. ಅವನ ಈ ಮಾತನ್ನು ಎತ್ತಿಕೊಂಡು ಬರೆದ ಉಪದೇಶಗಳಿಗೆ ಲೆಕ್ಕವಿಲ್ಲ. ಆದರೆ ಅದೇ ತಾಲ್ಮುದ್‌ನ ಅದೇ ಪುಟದಲ್ಲಿ ಅವನದೇ ಇನ್ನೊಂದು ಕಥೆಯಿದೆ, ಅದನ್ನು ಹೇಳುವವರು ಕಡಿಮೆ.

ಆ ಕಥೆಯಲ್ಲಿ ನಹೂಮ್‌ಗೆ ಕಣ್ಣಿಲ್ಲ, ಕೈಕಾಲಿಲ್ಲ, ಮೈಯೆಲ್ಲ ಹುಣ್ಣು. ಬೀಳುವಂತಿರುವ ಮನೆಯಲ್ಲಿ ಮಲಗಿದ್ದಾನೆ. ನಿಮ್ಮಂಥ ಸಜ್ಜನರಿಗೆ ಯಾಕೆ ಈ ಗತಿ ಎಂದು ಶಿಷ್ಯರು ಕೇಳುತ್ತಾರೆ. ನಾನೇ ತಂದುಕೊಂಡದ್ದು ಎನ್ನುತ್ತಾನೆ ಅವನು. ಒಮ್ಮೆ ಮಾವನ ಮನೆಗೆ ಹೊರಟಿದ್ದ. ಜೊತೆಗೆ ಮೂರು ಕತ್ತೆ: ಒಂದರ ಮೇಲೆ ಊಟದ ಸಾಮಾನು, ಒಂದರ ಮೇಲೆ ಕುಡಿಯಲು, ಇನ್ನೊಂದರ ಮೇಲೆ ಬಗೆಬಗೆಯ ತಿನಿಸು. ದಾರಿಯಲ್ಲಿ ಒಬ್ಬ ಬಡವ ಅಡ್ಡ ನಿಂತು, ಏನಾದರೂ ತಿನ್ನಲು ಕೊಡಿ ಎಂದ. ತಾಳು, ಕತ್ತೆಯ ಮೇಲಿಂದ ಹೊರೆ ಇಳಿಸುತ್ತೇನೆ ಎಂದ ನಹೂಮ್. ಇಳಿಸುವಷ್ಟರಲ್ಲಿ ಆ ಮನುಷ್ಯನ ಪ್ರಾಣ ಹೋಯಿತು. ನಹೂಮ್ ಅವನ ಮೇಲೆ ಬಿದ್ದು ಅತ್ತು, ನಿನ್ನನ್ನು ಕಂಡು ಕರಗದ ಈ ಕಣ್ಣು ಹೋಗಲಿ, ನೀಡದ ಈ ಕೈ ಹೋಗಲಿ ಎಂದು ತನಗೆ ತಾನೇ ಶಾಪ ಹಾಕಿಕೊಂಡ.

ನಹೂಮ್ ಕೆಟ್ಟವನಲ್ಲ. ಕೊಡುವುದಿಲ್ಲ ಎನ್ನಲಿಲ್ಲ. ಕೊಡಲು ಅವನ ಹತ್ತಿರ ಧಾರಾಳವಾಗಿ ಇತ್ತು, ಕೊಡುವ ಮನಸ್ಸೂ ಇತ್ತು. ಎಲ್ಲವನ್ನೂ ಕ್ರಮವಾಗಿ ಇಳಿಸಿ ಕೊಡೋಣ ಎಂದುಕೊಂಡ, ಅಷ್ಟೆ. ಎದುರಿಗಿದ್ದವನಿಗೆ ಆಗ ಬೇಕಿದ್ದದ್ದು ಮೇಲ್ಗಡೆಯ ಚೀಲದಲ್ಲಿದ್ದ ಒಂದು ತುಂಡು ರೊಟ್ಟಿ. ಇದೂ ಒಳ್ಳೆಯದಕ್ಕೇ ಎನ್ನುವ ಮಾತನ್ನು ಈ ಮನುಷ್ಯನ ಬಾಯಿಂದ ಕೇಳಿದಾಗ ಅದರ ತೂಕವೇ ಬೇರೆ. ಭರವಸೆಯ ಮಾತನ್ನು ಹೇಳಿದವನ ಬೆನ್ನಿಗೇ ಪರಂಪರೆ ತಡಮಾಡಿದವನ ಕಥೆಯನ್ನೂ ಕಟ್ಟಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಬಾರದು.

ಎರಡನೆಯದು ಒಂದು ಊರು ಮುಳುಗಿದ ಹೊತ್ತಿನ ಕಥೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಅದಕ್ಕೆ ಸ್ವಲ್ಪ ಮುಂಚೆ, ಮುತ್ತಿಗೆ ನಡೆಯುತ್ತಿದ್ದಾಗ, ಊರೊಳಗಿನ ಉಗ್ರರು ಸಂಧಾನಕ್ಕೆ ದಾರಿಯೇ ಉಳಿಯದಿರಲಿ ಎಂದು ದವಸದ ಕಣಜಗಳಿಗೆ ಬೆಂಕಿಯಿಟ್ಟರು. ಜನ ಹಸಿವಿನಿಂದ ಸಾಯತೊಡಗಿದರು. ಊರು ಬಿಟ್ಟು ಯಾರೂ ಹೋಗುವಂತಿರಲಿಲ್ಲ, ಹೆಣಗಳ ಹೊರತು. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ವೃದ್ಧ ಗುರು ಸತ್ತಂತೆ ನಟಿಸಿದರು. ಶಿಷ್ಯರು ಅವರನ್ನು ಹೆಣದಂತೆ ಹೊತ್ತುಕೊಂಡು ಕೋಟೆಬಾಗಿಲು ದಾಟಿಸಿದರು. ಅಲ್ಲಿಂದ ನೇರವಾಗಿ ಅವರು ನಿಂತದ್ದು ರೋಮನ್ ಸೇನಾಪತಿ ವೆಸ್ಪಾಸಿಯನ್‌ನ ಮುಂದೆ. ಅಷ್ಟರಲ್ಲೇ ಅವನು ಚಕ್ರವರ್ತಿಯಾದ ಸುದ್ದಿ ರೋಮಿನಿಂದ ಬಂತು. ಸಂತೋಷದಲ್ಲಿ ಅವನು ಏನು ಬೇಕೋ ಕೇಳು ಎಂದ.

ಯೋಹಾನಾನ್ ಕೇಳಿದ್ದು ಮೂರು. ಸಮುದ್ರ ತೀರದ ಕಡೆಯ ಯಾವ್ನೆ ಎಂಬ ಸಣ್ಣ ಊರು ಮತ್ತು ಅಲ್ಲಿನ ವಿದ್ವಾಂಸರನ್ನು ಉಳಿಸಿ. ಗಮ್ಲಿಯೇಲ ಎಂಬ ಗುರುವಿನ ವಂಶವನ್ನು ಉಳಿಸಿ. ಉಪವಾಸದಿಂದ ಬತ್ತಿಹೋಗಿರುವ ಗುರು ಜಾದೋಕ್‌ಗೆ ವೈದ್ಯರನ್ನು ಕೊಡಿ. ಇಷ್ಟೇ. ಜೆರುಸಲೇಮನ್ನು ಬಿಟ್ಟುಬಿಡಿ ಎಂದು ಅವರು ಕೇಳಲಿಲ್ಲ.

ಈ ಕಥೆಯನ್ನು ಬರೆದಿಟ್ಟವರೇ ಅದಕ್ಕಾಗಿ ಯೋಹಾನಾನರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಚಕ್ರವರ್ತಿಯೇ ಕೇಳು ಎಂದಾಗ ಊರನ್ನೇ ಕೇಳಬಾರದಿತ್ತೇ ಎಂಬ ನೋವು ತಾಲ್ಮುದ್‌ನಲ್ಲಿ ದಾಖಲಾಗಿದೆ. ಅದರ ಕೆಳಗೇ ಉತ್ತರವೂ ಇದೆ: ಅಷ್ಟು ದೊಡ್ಡದನ್ನು ಕೇಳಿದ್ದರೆ ಸಿಗುತ್ತಿರಲಿಲ್ಲ, ಈ ಚಿಕ್ಕದೂ ಕೈತಪ್ಪುತ್ತಿತ್ತು ಎಂದು ಅವರು ಅಂದುಕೊಂಡಿರಬೇಕು. ಯಾರು ಸರಿ ಎಂಬ ವಾದವನ್ನು ಅವರು ಮುಗಿಸಿಲ್ಲ. ನನಗೆ ಈ ಪ್ರಾಮಾಣಿಕತೆ ಬಹಳ ದೊಡ್ಡದಾಗಿ ಕಾಣುತ್ತದೆ. ಪರಿಹಾರದ ಕಡೆ ಮುಖ ಮಾಡುವುದೆಂದರೆ ಏನನ್ನೋ ಬಿಟ್ಟುಕೊಡುವುದೂ ಹೌದು. ಆ ಬಿಟ್ಟುಕೊಟ್ಟದ್ದು ಜೀವನಪರ್ಯಂತ ಚುಚ್ಚಬಹುದು. ಅವೆನ್ಯೂ ರಸ್ತೆಯ ಪುಸ್ತಕಗಳಲ್ಲಿ ಈ ಚುಚ್ಚು ಇರುವುದಿಲ್ಲ.

ಯಾವ್ನೆಯಲ್ಲಿ ಏನಾಯಿತು ಎಂಬುದು ಇತಿಹಾಸ. ದೇವಾಲಯವಿಲ್ಲದೆ ಬಲಿಯಿಲ್ಲ, ಪುರೋಹಿತರಿಗೆ ಕೆಲಸವಿಲ್ಲ. ಹಾಗಿದ್ದೂ ಧರ್ಮ ಉಳಿಯಬೇಕಾದರೆ ಏನು ಮಾಡಬೇಕೆಂದು ಅಲ್ಲಿ ಕುಳಿತವರು ಒಂದೊಂದೇ ತೀರ್ಮಾನ ಮಾಡುತ್ತ ಹೋದರು. ಬಲಿಯ ಜಾಗಕ್ಕೆ ಪ್ರಾರ್ಥನೆ ಬಂತು, ದೇವಾಲಯದ ಹಬ್ಬ ಮನೆಯ ಊಟದ ಮೇಜಿಗೆ ಬಂತು, ಪಾಪ ತೊಳೆಯಲು ಬಲಿಪೀಠವಿಲ್ಲದಿದ್ದರೆ ಇನ್ನೊಬ್ಬರಿಗೆ ಮಾಡುವ ಉಪಕಾರವಿದೆ ಎಂದು ಯೋಹಾನಾನ್ ಹೇಳಿಕೊಟ್ಟರು. ಇವತ್ತು ನಾವು ಯಹೂದಿ ಧರ್ಮ ಎಂದು ಕರೆಯುವುದನ್ನು ಹೊಸದಾಗಿ ಹೆಣೆಯುವ ಕೆಲಸ ಆ ಸಣ್ಣ ಊರಿನಲ್ಲಿ ಶುರುವಾಯಿತು.

ಜಾದೋಕ್‌ಗೆ ಬಂದ ವೈದ್ಯರು ಮಾಡಿದ ಕೆಲಸವನ್ನೂ ಕಥೆ ಬಿಟ್ಟಿಲ್ಲ. ಬಹುಕಾಲದ ಉಪವಾಸದಿಂದ ಆತನ ಹೊಟ್ಟೆ ಬೆನ್ನಿಗೆ ಅಂಟಿತ್ತು. ಹಸಿದವನೆಂದು ಒಮ್ಮೆಲೇ ಉಣ್ಣಿಸಿದ್ದರೆ ಸಾಯುತ್ತಿದ್ದ. ಮೊದಲ ದಿನ ತವುಡು ನೆನೆಸಿದ ನೀರು. ಮರುದಿನ ಸ್ವಲ್ಪ ಗಟ್ಟಿ. ಅದರ ಮರುದಿನ ಹಿಟ್ಟಿನ ನೀರು. ಹೀಗೆ ಕರುಳು ತೆರೆದುಕೊಳ್ಳುವವರೆಗೆ. ಜ್ವರ ಬಿಟ್ಟ ಮಗುವಿಗೆ ಗಂಜಿಯ ತಿಳಿಯಿಂದ ಶುರುಮಾಡುವ ನಮ್ಮ ಅಮ್ಮಂದಿರಿಗೆ ಇದು ಹೊಸದಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪರಿಹಾರ, ಪರಿಹಾರ ಎಂದು ಮುನ್ನುಗ್ಗುವ ಉತ್ಸಾಹದಲ್ಲಿ ನಾವು ದುಃಖಕ್ಕೆ ಹೊತ್ತೇ ಕೊಡುವುದಿಲ್ಲ. ಯಹೂದಿಗಳಲ್ಲಿ ಹತ್ತಿರದವರು ತೀರಿಕೊಂಡರೆ ಏಳು ದಿನ ಮನೆಯವರು ತಗ್ಗಾದ ಆಸನದಲ್ಲಿ ಕೂರುತ್ತಾರೆ. ಕೆಲಸಕ್ಕೆ ಹೋಗುವುದಿಲ್ಲ. ಸಾಂತ್ವನಕ್ಕೆ ಬಂದವರು, ದುಃಖದಲ್ಲಿರುವವರು ತಾವಾಗಿ ಮಾತಾಡುವವರೆಗೆ ಬಾಯಿ ಬಿಡಬಾರದು. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ಆ ಮನೆಯದಾಗಿರಬಾರದು, ನೆರೆಹೊರೆಯವರು ತರಬೇಕು. ಅದರಲ್ಲಿ ಬೇಯಿಸಿದ ಮೊಟ್ಟೆಯೋ ಬೇಳೆಯೋ ಇರುತ್ತದೆ. ಯಾಕೆ ಹೀಗಾಯಿತು, ಇದರಿಂದ ಏನು ಕಲಿಯಬೇಕು ಎಂದು ವಿವರಿಸಲು ಹೋಗುವಂತಿಲ್ಲ. ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ. ಬಾಯಿ ಮುಚ್ಚಿಕೊಂಡು ಅನ್ನ ತಂದುಕೊಡುವುದು, ಏಳನೆಯ ದಿನ ದುಃಖದಲ್ಲಿರುವವರನ್ನು ಎಬ್ಬಿಸಿ ಬೀದಿಗೆ ಕರೆದುಕೊಂಡು ಬರುವುದು, ಇವೆರಡರ ನಡುವಿನ ಅಂತರವನ್ನು ಈ ಪರಂಪರೆ ದಿನ ಎಣಿಸಿ ಗೊತ್ತುಮಾಡಿದೆ.

ಬರೀ ಆಸೆಯನ್ನೇ ನಂಬಿ ಕೂರುವುದರ ಅಪಾಯವನ್ನು ವಿಕ್ಟರ್ ಫ್ರಾಂಕ್ಲ್ ಬರೆದಷ್ಟು ಕಟುವಾಗಿ ಇನ್ನಾರೂ ಬರೆದಿಲ್ಲ. ವಿಯೆನ್ನಾದ ಯಹೂದಿ ಮನೋವೈದ್ಯ ಅವರು. ಆಶ್ವಿಟ್ಜ್ ಸೇರಿದಂತೆ ನಾಜಿಗಳ ಶಿಬಿರಗಳಿಂದ ಬದುಕಿ ಬಂದವರು. ತಂದೆ, ತಾಯಿ, ಅಣ್ಣತಮ್ಮ, ಹೆಂಡತಿ ಉಳಿಯಲಿಲ್ಲ. 1944ರ ಕ್ರಿಸ್ಮಸ್ ಮತ್ತು 1945ರ ಹೊಸವರ್ಷದ ನಡುವಿನ ವಾರದಲ್ಲಿ ಶಿಬಿರದಲ್ಲಿ ಸಾವು ದಿಢೀರನೆ ಹೆಚ್ಚಿತಂತೆ. ಕೆಲಸ ಹೆಚ್ಚಿರಲಿಲ್ಲ, ಆಹಾರ ಇನ್ನೂ ಕೆಟ್ಟಿರಲಿಲ್ಲ, ಹೊಸ ರೋಗ ಬಂದಿರಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಮನೆಗೆ ಹೋಗುತ್ತೇವೆ ಎಂದು ಬಹಳ ಜನ ನಂಬಿದ್ದರು. ದಿನ ಬಂತು, ಬಿಡುಗಡೆ ಬರಲಿಲ್ಲ. ಆಸೆಗೆ ತಾರೀಖು ಕಟ್ಟಿದವರು ಆ ತಾರೀಖಿನ ಜೊತೆಗೇ ಕುಸಿದರು ಎಂದು ಶಿಬಿರದ ವೈದ್ಯರೊಬ್ಬರು ಫ್ರಾಂಕ್ಲ್‌ಗೆ ಹೇಳಿದ್ದರು. ಫ್ರಾಂಕ್ಲ್ ತಮ್ಮನ್ನು ಹಿಡಿದು ನಿಲ್ಲಿಸಿಕೊಂಡದ್ದು ಕಳೆದುಹೋದ ತಮ್ಮ ಹಸ್ತಪ್ರತಿಯನ್ನು ಸಿಕ್ಕ ಚೂರುಪಾರು ಕಾಗದದ ಮೇಲೆ ಮತ್ತೆ ಬರೆದುಕೊಳ್ಳುತ್ತ.

ಇನ್ನು ನಮ್ಮ ಊರಿಗೆ ಬರೋಣ. 1933ರಲ್ಲಿ ಹಿಟ್ಲರನ ಸರ್ಕಾರ ಯಹೂದಿ ಮೂಲದವರನ್ನು ಸರ್ಕಾರಿ ನೌಕರಿಯಿಂದ ತೆಗೆದಾಗ ಕೆಲಸ ಕಳೆದುಕೊಂಡವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಬ್ಬರು. ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿಗೆ, ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935ರ ಕೊನೆಯಿಂದ 1936ರವರೆಗೆ ಬಾರ್ನ್ ದಂಪತಿ ಇಲ್ಲಿದ್ದರು. ಖಾಯಂ ಮಾಡಿಕೊಳ್ಳಬೇಕೆಂದು ರಾಮನ್ ಬಯಸಿದರು. ಆದರೆ ಅದನ್ನು ಚರ್ಚಿಸುವ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ತನ್ನ ದೇಶದಿಂದಲೇ ಓಡಿಸಿಕೊಂಡು ಬಂದ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದರು. ಬಾರ್ನ್ ಮನೆಗೆ ಬಂದು ಹೆಂಡತಿಯ ಮುಂದೆ ಅತ್ತರಂತೆ. ಎಡಿನ್‌ಬರೋ ಅವರನ್ನು ಕರೆದುಕೊಂಡಿತು, 1954ರಲ್ಲಿ ನೊಬೆಲ್ ಬಂತು. ಆ ಸಭೆ ಬೇರೆ ತೀರ್ಮಾನ ಮಾಡಿದ್ದರೆ ಎಂದು ಯೋಚಿಸಿದಾಗಲೆಲ್ಲ ನನಗೆ ಈ ಊರಿನ ಪರವಾಗಿ ಸಂಕಟವಾಗುತ್ತದೆ.

ಬಾರ್ನ್ ಅವರ ತಂಗಿಯ ಮಗ ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. 1933ರಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿ, ಜರ್ಮನಿಯ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗೆದ್ದರು. ಅದೇ ವರ್ಷ ಯಹೂದಿ ಎಂಬ ಕಾರಣಕ್ಕೆ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು, ಅಲ್ಲಿನ ಪ್ರಾಚೀನ ಬಾಗಿಲುಗಳ ರಚನೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಹ್ವಾನದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದು, ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು.

ಅವರು ಬಂದ ಕಾಲ ಕಟ್ಟುವುದಕ್ಕೆ ಹೇಳಿಮಾಡಿಸಿದ ಕಾಲವೇನಲ್ಲ. ಮಹಾಯುದ್ಧ ಶುರುವಾಗಿ ಉಕ್ಕು, ಸಿಮೆಂಟು ಯುದ್ಧದ ಪಾಲಾಗಿದ್ದವು. ದಿವಾನರಿಗೆ ಗುಮ್ಮಟ, ಕಮಾನುಗಳ ಮೇಲೆ ಪ್ರೀತಿ. ಬರ್ಲಿನ್‌ನಲ್ಲಿ ಕಲಿತವರಿಗೆ ಸರಳ ಗೆರೆಗಳ ಮೇಲೆ. ಕೋನಿಗ್ಸ್‌ಬರ್ಗರ್ ಈ ಊರಿನ ಬಿಸಿಲು ಯಾವ ಕಡೆಯಿಂದ ಎಷ್ಟು ಹೊತ್ತು ಬೀಳುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ, ಮಳೆಯ ಎರಚಲು ಎಲ್ಲಿಯವರೆಗೆ ಬರುತ್ತದೆ ಎನ್ನುವುದರಿಂದ ಆರಂಭಿಸಿದರು. ಸಿಕ್ಕ ಕಲ್ಲು, ಇಟ್ಟಿಗೆಗಳಲ್ಲಿ ಕಟ್ಟಿದರು. ವಿಜ್ಞಾನ ಸಂಸ್ಥೆಯ ಊಟದ ಹಾಲ್ ಮತ್ತು ಸಭಾಂಗಣ, ಲೋಹವಿಜ್ಞಾನ ವಿಭಾಗದ ಕಟ್ಟಡ ಅವರವು. ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಉದ್ಯಾನದ ಮಂಟಪ ಅವರದೇ. ಮಿರ್ಜಾ ಅವರ ನಂತರ ಕೆಲಕಾಲ ಹಂಗಾಮಿ ದಿವಾನರಾಗಿದ್ದ ಕೃಷ್ಣರಾಯರ ಹೆಸರು ಆ ಪಾರ್ಕಿಗಿದೆ. ಬೆಳಗಿನ ವಾಕಿಂಗ್ ಮುಗಿಸಿ ಅಲ್ಲಿ ಕುಳಿತು ಬೆವರು ಒರೆಸಿಕೊಳ್ಳುವ ಹಿರಿಯರಲ್ಲಿ ಎಷ್ಟು ಮಂದಿಗೆ ಆ ನೆರಳನ್ನು ಕಟ್ಟಿದವರು ಮನೆಮಠ ಕಳೆದುಕೊಂಡು ಬಂದ ಒಬ್ಬ ನಿರಾಶ್ರಿತರೆಂದು ಗೊತ್ತೋ. ಅಲ್ಲೊಂದು ಫಲಕ ಬೇಕು.

ಕೋನಿಗ್ಸ್‌ಬರ್ಗರ್ ಧರ್ಮೋಪದೇಶಕರಲ್ಲ. ಯೋಹಾನಾನರ ಕಥೆಯನ್ನು ಮುಂದಿಟ್ಟುಕೊಂಡು ಅವರು ನಕ್ಷೆ ಬರೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಅವರ ಬದುಕಿನ ಮುಂದಿನ ಭಾಗ ಓದಿದಾಗ ಯಾವ್ನೆ ನೆನಪಾಗದೆ ಇರುವುದಿಲ್ಲ. ಜೆಮ್‌ಷೆಡ್‌ಪುರಕ್ಕೆ, 1948ರಲ್ಲಿ ಭುವನೇಶ್ವರಕ್ಕೆ ಯೋಜನೆ ಮಾಡಿಕೊಟ್ಟರು. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶ ಒಡೆದು ಲಕ್ಷಾಂತರ ಜನ ಡೇರೆಗಳಲ್ಲಿದ್ದ ಹೊತ್ತು. ಫರೀದಾಬಾದ್, ಗಾಂಧಿಧಾಮದಂಥ ಹೊಸ ಊರುಗಳು ಆಗ ಎದ್ದವು. ನಿರಾಶ್ರಿತರಿಗೆ ಮನೆ ಕಟ್ಟುವ ಹೊಣೆ ಇನ್ನೊಬ್ಬ ನಿರಾಶ್ರಿತರ ಹೆಗಲಿಗೆ ಬಿದ್ದಿತ್ತು. ಬೇಗ ಬೇಗ ಮನೆ ಒದಗಿಸಲೆಂದು ದೆಹಲಿಯಲ್ಲಿ ಗೋಡೆಗಳನ್ನೇ ಕಾರ್ಖಾನೆಯಲ್ಲಿ ತಯಾರಿಸುವ ಯೋಜನೆ ಹಾಕಿದರು. ಅದು ಸೋತಿತು. ಸಂಸತ್ತಿನಲ್ಲಿ ಕಟುಟೀಕೆ ಬಂತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್‌ಗೆ ಹೋದರು.

ಆ ಸೋಲಿನ ನಂತರದ ಕೆಲಸವೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. 1950ರ ದಶಕದ ನಡುವೆ ವಿಶ್ವಸಂಸ್ಥೆ ಅವರನ್ನು ಇನ್ನಿಬ್ಬರ ಜೊತೆ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ, ಇಂದಿನ ಘಾನಾಕ್ಕೆ, ಕಳಿಸಿತು. ವಸತಿ ಸಮಸ್ಯೆ ಹೇಗೆ ಬಿಡಿಸುವುದೆಂದು ನೋಡಬೇಕಿತ್ತು. ಹಳ್ಳಿಗಳಲ್ಲಿ ಅವರಿಗೆ ಕಂಡದ್ದೇನೆಂದರೆ ಜನ ಮಣ್ಣಿನ ಗೋಡೆಯನ್ನು ತಮ್ಮಷ್ಟಕ್ಕೆ ತಾವೇ ಚೆನ್ನಾಗಿ ಎಬ್ಬಿಸುತ್ತಾರೆ. ದುಡ್ಡು ಸಾಲದೆ ನಿಲ್ಲುವುದು ಚಾವಣಿಯಲ್ಲಿ, ಬಾಗಿಲು ಕಿಟಕಿಯಲ್ಲಿ. ಮೇಲೆ ಮುಚ್ಚಿಗೆಯಿಲ್ಲದೆ ಮಳೆಗೆ ಗೋಡೆ ಕರಗುತ್ತದೆ. ಹಾಗಾದರೆ ಸರ್ಕಾರ ಇಡೀ ಮನೆ ಕಟ್ಟಿಕೊಡುವುದು ಬೇಡ, ಗೋಡೆ ಎಬ್ಬಿಸಿದವರಿಗೆ ಚಾವಣಿಯ ಸಾಲ ಕೊಡಲಿ, ಊರವರೇ ಸಂಘ ಕಟ್ಟಿಕೊಂಡು ಒಬ್ಬರಿಗೊಬ್ಬರು ಜಾಮೀನಾಗಲಿ ಎಂದು ಸಲಹೆ ಮಾಡಿದರು. ಕಾರ್ಖಾನೆಯಲ್ಲಿ ಗೋಡೆ ತಯಾರಿಸಲು ಹೋಗಿ ಸೋತವರು ಇಲ್ಲಿ ಗೋಡೆಯನ್ನು ಜನರಿಗೇ ಬಿಟ್ಟರು. ಎಲ್ಲಿ ತೊಡಕಿದೆಯೋ ಅಲ್ಲಿಗೆ ಮಾತ್ರ ಕೈ ಹಾಕಿದರು.

ಮುಂದೆ ಅವರು ಇದನ್ನೇ ಒಂದು ವಿಧಾನವಾಗಿ ರೂಪಿಸಿದರು. ಮಾಸ್ಟರ್ ಪ್ಲಾನ್ ಎಂಬ ದೊಡ್ಡ ನಕ್ಷೆಯನ್ನು ವರ್ಷಗಟ್ಟಲೆ ಬರೆಯುತ್ತ ಕುಳಿತರೆ ಅದು ಮುಗಿಯುವಷ್ಟರಲ್ಲಿ ಊರು ನಕ್ಷೆಯ ಆಚೆಗೆ ಬೆಳೆದಿರುತ್ತದೆ. ಆದ್ದರಿಂದ ತುರ್ತಾದದ್ದನ್ನು ಈಗ ಮಾಡಿ, ಅದರಿಂದ ಏನಾಯಿತು ನೋಡಿ, ತಿದ್ದಿಕೊಂಡು ಮುಂದಿನದಕ್ಕೆ ಹೋಗಿ ಎಂದರು. 1960ರ ದಶಕದಲ್ಲಿ ಸಿಂಗಪುರಕ್ಕೆ ಸಲಹೆ ಕೊಟ್ಟ ವಿಶ್ವಸಂಸ್ಥೆಯ ತಂಡದಲ್ಲೂ ಅವರಿದ್ದರು. 1999ರಲ್ಲಿ ತೀರಿಕೊಂಡರು.

ಮಾರುಕಟ್ಟೆಯಲ್ಲಿ ಈ ವಿಧಾನಕ್ಕೆ ಯಾರೂ ಹೆಸರಿಟ್ಟಿಲ್ಲ, ಆದರೆ ದಿನವೂ ನಡೆಯುತ್ತದೆ. ಹೂವಿನ ಸಾಲಿನ ತುದಿಯಲ್ಲಿ ಕೂರುವ ಒಬ್ಬ ಹೆಂಗಸಿನ ಕೈಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಹನ್ನೊಂದು ದಾಟಿತ್ತು. ಹಿಂದಿನ ರಾತ್ರಿಯ ಮಳೆಗೆ ಅರ್ಧ ಸೇವಂತಿಗೆ ನೆನೆದು ಕಂದಿತ್ತು. ಅವಳು ಪುಟ್ಟಿಯನ್ನು ಗೋಣಿಚೀಲದ ಮೇಲೆ ಸುರಿದು ಮೂರು ಪಾಲು ಮಾಡಿದಳು. ಗಟ್ಟಿಯಾದವು ಒಂದು ಕಡೆ, ಅವುಗಳನ್ನು ಬಿಡಿಯಾಗಿಯೇ ತೂಕಕ್ಕೆ ಕೊಡಬಹುದು. ಹೊರಗಿನ ಎಸಳು ಮಾತ್ರ ಕೆಟ್ಟವು ಇನ್ನೊಂದು ಕಡೆ. ಆ ಎಸಳನ್ನು ಚಿವುಟಿ ತೆಗೆದು, ನೀರಿನಲ್ಲಿ ನೆನೆಹಾಕಿದ್ದ ಬಾಳೆನಾರು ತೆಗೆದು ಕಟ್ಟತೊಡಗಿದಳು. ಕಟ್ಟಿದರೆ ಮಾರು ಲೆಕ್ಕದಲ್ಲಿ ಹೋಗುತ್ತದೆ. ಪೂರ್ತಿ ಕೆಟ್ಟದ್ದನ್ನು ಹಸುವಿನವನಿಗೆಂದು ಬದಿಗೆ ಸರಿಸಿದಳು. ‘ಮಳೆ ಬಂತಲ್ಲಕ್ಕಾ’ ಎಂದು ಪಕ್ಕದವಳು ಹಲುಬಿದ್ದಕ್ಕೆ ತಲೆಯೆತ್ತದೆ, ‘ಬಂದಿದ್ದು ಬಂತು, ನಾರು ಇತ್ಲಾಗೆ ತಳ್ಳವ್ವಾ’ ಎಂದಳು.

ಅವಳ ಕೈಯನ್ನು ನೋಡುತ್ತ ನನಗೆ ಇನ್ನೊಬ್ಬ ಯಹೂದಿ ಗುರು ನೆನಪಾದರು. ಉಕ್ರೇನಿನಲ್ಲಿ ಬ್ರೆಸ್ಲವ್‌ನ ನಹಮಾನ್ ಎಂಬುವರಿದ್ದರು, ಕ್ಷಯದಿಂದ 1810ರಲ್ಲಿ, ನಲವತ್ತಾಗುವ ಮೊದಲೇ ತೀರಿಕೊಂಡವರು. ಕಡುದುಃಖದ ಮನುಷ್ಯ. ಇನ್ನೊಬ್ಬನಲ್ಲಿ, ಹಾಗೆಯೇ ನಿನ್ನಲ್ಲಿ, ಕೆಟ್ಟದ್ದೇ ತುಂಬಿದಂತೆ ಕಂಡಾಗ ಒಂದಿಷ್ಟಾದರೂ ಒಳ್ಳೆಯದನ್ನು ಹುಡುಕಿ ತೆಗೆ, ಆಮೇಲೆ ಇನ್ನೊಂದಿಷ್ಟು, ಹಾಗೆ ಆಯ್ದುಕೊಂಡು ಜೋಡಿಸು ಎಂಬುದು ಅವರ ಬಹುಮುಖ್ಯ ಬೋಧನೆ. ಎಲ್ಲವೂ ಒಳ್ಳೆಯದು ಎಂದು ಅವರು ಹೇಳಲಿಲ್ಲ. ಆಯಬೇಕು, ಅದಕ್ಕೆ ಕೈ ಬೇಕು, ಹೊತ್ತು ಬೇಕು. ಆ ಹೆಂಗಸಿನ ಗೋಣಿಚೀಲದ ಮೇಲೆ ನನಗೆ ಅದು ಅರ್ಥವಾಯಿತು.

ಆದರೆ ಅವಳ ಜಾಣ್ಮೆಯನ್ನು ಹೊಗಳಿ ಮನೆಗೆ ಬಂದರೆ ನಾನೂ ಹೊರೆ ಇಳಿಸುತ್ತ ನಿಂತವರ ಸಾಲಿಗೇ ಸೇರುತ್ತೇನೆ. ಅವಳು ತನ್ನ ಗೋಡೆ ಎಬ್ಬಿಸಿಯಾಗಿದೆ. ಚಾವಣಿ ಯಾರದು?

2020ರಲ್ಲಿ ಲಾಕ್‌ಡೌನ್ ಬಂ‌ದು ಮಾರುಕಟ್ಟೆಗೆ ಬೀಗ ಬಿದ್ದಾಗ ಹೂವಿನವರಲ್ಲಿ ಎಷ್ಟೋ ಮಂದಿ ಗಾಡಿಯಲ್ಲಿ ತರಕಾರಿ ಮಾರಲು ಇಳಿದರು. ಆ ವರ್ಷವೇ ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಎಂಬ ಯೋಜನೆಯಲ್ಲಿ ಅಡಮಾನವಿಲ್ಲದೆ ಮೊದಲ ಕಂತಾಗಿ 10,000 ರೂಪಾಯಿವರೆಗೆ ಸಾಲ ಕೊಡಲು ಆರಂಭಿಸಿತು. ಇದು ಘಾನಾದ ಚಾವಣಿ ಸಾಲದ ಜಾತಿಗೇ ಸೇರಿದ್ದು. ಬೆಳಗಿನ ಜಾವದ ಮೀಟರ್ ಬಡ್ಡಿಯಿಂದ ಒಬ್ಬ ಹೂವಿನವಳನ್ನು ಬಿಡಿಸಲು ಲಕ್ಷಗಳು ಬೇಕಿಲ್ಲ, ಇಷ್ಟು ಮೊತ್ತ ಸಾಕು. ಆದರೆ ಅದಕ್ಕೆ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಬೇಕು, ಬ್ಯಾಂಕ್ ಖಾತೆ ಬೇಕು, ಮೊಬೈಲಿಗೆ ಬರುವ ಸಂಖ್ಯೆಯನ್ನು ಓದಿ ಹೇಳುವವರು ಬೇಕು. ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿಗೆ ಬರವಿಲ್ಲ. ವಾರಕ್ಕೊಂದು ಬೆಳಗ್ಗೆ ಅವರಲ್ಲಿ ನಾಲ್ಕು ಮಂದಿ ಮಾರುಕಟ್ಟೆಯ ಬಾಗಿಲಲ್ಲಿ ಒಂದು ಮೇಜು ಹಾಕಿ ಕುಳಿತರೆ ಈ ಕೆಲಸ ಆಗುತ್ತದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಆ ಸಮಿತಿಯಲ್ಲಿ ಕೂರುವ ಹೆಂಗಸರನ್ನು ಮೊದಲು ಏನು ಬೇಕೆಂದು ಕೇಳಿದರೆ ಅವರು ಮಾರುಕಟ್ಟೆಯನ್ನು ಕೆಡವಿ ಹೊಸದು ಕಟ್ಟಿ ಎನ್ನುವುದಿಲ್ಲ. ಶೌಚಾಲಯ ಎನ್ನುತ್ತಾರೆ. ನಸುಕಿನಿಂದ ಸಂಜೆಯವರೆಗೆ ಕೂರುವವರು ಆ ತೊಂದರೆಗೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಚೊಕ್ಕಟವಾದ, ಬಾಗಿಲಿಗೆ ಚಿಲಕವಿರುವ, ಬೆಳಗಿನ ನಾಲ್ಕಕ್ಕೇ ತೆರೆಯುವ ಶೌಚಾಲಯ. ಅದರ ಪಕ್ಕ ಕುಡಿಯುವ ನೀರಿನ ಒಂದು ನಲ್ಲಿ. ಹೂವಿನ ಸಾಲಿನ ಮೇಲೆ ಎರಚಲು ತಡೆಯುವಷ್ಟು ಉದ್ದದ ಒಂದು ಶೀಟು. ಇಡೀ ಮಾರುಕಟ್ಟೆಯ ಪುನರಭಿವೃದ್ಧಿಯ ನಕ್ಷೆಗಳು ಬರಲಿ, ಹೋಗಲಿ. ಈ ಮೂರಕ್ಕೆ ಅವು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಮುಂಗಾರಿಗೆ ಮುಂಚೆ ಇವನ್ನು ಮಾಡಿಕೊಡಿ ಎಂದು ಪಾಲಿಕೆಯನ್ನು ಕೇಳುತ್ತಿದ್ದೇನೆ. ಈ ಅಂಕಣ ಓದುವ ಅಧಿಕಾರಿಗಳು ಒಮ್ಮೆ ನಸುಕಿನಲ್ಲೇ ಬಂದು ಆ ಸಾಲಿನಲ್ಲಿ ನಡೆದು ನೋಡಬೇಕು.